ಆಂಡ್ರಾಯ್ಡ್ 6 ಫೋನಿನಲ್ಲಿ ಸ್ಟ್ರೀಮಿಂಗ್ ಆ್ಯಪ್: ಮೂರು ವರ್ಷದ ಅನುಭವ

ಹೊಸ ಫೋನ್ ತಗೊಂಡ ಮೇಲೂ ಹಳೆಯದನ್ನು ಬಿಸಾಡಲು ಮನಸ್ಸಾಗಲಿಲ್ಲ. ಪರದೆಯ ಮೇಲೆ ಒಂದು ಗೀರೂ ಇರಲಿಲ್ಲ. ಮಲಗುವ ಮುಂಚೆ ವಿಡಿಯೊ ನೋಡಲು ಇರಲಿ ಅಂತ ಇಟ್ಟುಕೊಂಡೆ. ಅದರಲ್ಲಿರುವುದು 2015ರ ಆಂಡ್ರಾಯ್ಡ್ 6. ಆ್ಯಪ್‌ಗೆ ಅಪ್‌ಡೇಟ್ ಬರುವುದು ಯಾವತ್ತೋ ನಿಂತಿದೆ, ಕ್ರೋಮ್ ಬ್ರೌಸರ್ ಕೂಡ 106ನೇ ಆವೃತ್ತಿಗೇ ನಿಂತುಬಿಟ್ಟಿದೆ.

ಹಾಗಂತ ಓಡಲ್ಲ ಅಂತಲ್ಲ. ಓಡುತ್ತೆ, ತನ್ನದೇ ಗತಿಯಲ್ಲಿ. ತೆರೆದರೆ ಮುಖಪುಟದ ಚಿತ್ರಗಳು ಒಂದೊಂದಾಗಿ ಬಂದು ಕೂರುತ್ತವೆ, ಅಷ್ಟರಲ್ಲಿ ಹಲ್ಲುಜ್ಜಿ ಬರಬಹುದು.

ನನಗೆ ಜಾಸ್ತಿ ಬೇಜಾರಾಗಿದ್ದು ಚಿತ್ರದ ಗುಣಮಟ್ಟದ ವಿಷಯದಲ್ಲಿ. ಪರದೆ 1080ಪಿ, ನೆಟ್ ಜೋರಾಗಿದೆ, ಆದರೂ ಮುಖಗಳೆಲ್ಲ ಮಸುಕು. ಎಷ್ಟೋ ದಿನ ರೂಟರನ್ನೇ ಬೈದುಕೊಂಡೆ. ಆಮೇಲೆ ಗೊತ್ತಾಯ್ತು, ಈ ಫೋನಿಗೆ ಇರುವುದು ವೈಡ್‌ವೈನ್ ಎಲ್3 ಮಾತ್ರ (ವೈಡ್‌ವೈನ್ ಅಂದರೆ ವಿಡಿಯೊ ನಕಲಾಗದಂತೆ ಕಾಯುವ ವ್ಯವಸ್ಥೆ, ಎಲ್1 ಅದರ ಮೇಲಿನ ಮಟ್ಟ, ಎಲ್3 ಕೆಳಗಿನದು), ಎಲ್1 ಇಲ್ಲದಿದ್ದರೆ ಈ ಆ್ಯಪ್ 480ಪಿ ದಾಟಿ ಕೊಡುವುದೇ ಇಲ್ಲ. ಹಳೆಯ ಫೋನ್ ಕೊಳ್ಳುವವರು ಮೊದಲು ನೋಡಬೇಕಾದ್ದು ಇದನ್ನೇ, ರ‍್ಯಾಮ್ ಆಮೇಲೆ. ಇದನ್ನು ತೋರಿಸುವ ಪುಟ್ಟ ಉಚಿತ ಆ್ಯಪ್‌ಗಳಿವೆ.

ಇನ್ನೊಂದು ಫಜೀತಿ ಕೇಳಿ. ಒಂದು ಸಲ ಬ್ಯಾಟರಿ ಪೂರ್ತಿ ಖಾಲಿಯಾಗಿ ಫೋನ್ ಸತ್ತಿತ್ತು. ಚಾರ್ಜ್ ಮಾಡಿ ಆನ್ ಮಾಡಿದರೆ ಆ್ಯಪ್ 'ಇಂಟರ್ನೆಟ್ ಇಲ್ಲ' ಅನ್ನುತ್ತಿದೆ, ವೈಫೈ ಗುರುತು ಮಾತ್ರ ತುಂಬಿ ನಿಂತಿದೆ. ಅರ್ಧ ಗಂಟೆ ಒದ್ದಾಡಿದ ಮೇಲೆ ಕಣ್ಣಿಗೆ ಬಿದ್ದಿದ್ದು ಮೂಲೆಯ ತಾರೀಖು: 1970, ಜನವರಿ 1. ತಾರೀಖು ತಪ್ಪಿದ್ದರೆ ಸರ್ವರಿನ ಸರ್ಟಿಫಿಕೇಟನ್ನು, ಅಂದರೆ ಅದು ಅಸಲಿ ಅಂತ ತೋರಿಸುವ, ಅವಧಿ ಇರುವ ಡಿಜಿಟಲ್ ಗುರುತುಪತ್ರವನ್ನು, ಫೋನ್ ನಂಬುವುದಿಲ್ಲ, ಅದಕ್ಕೇ ಏನೂ ತೆರೆಯುತ್ತಿರಲಿಲ್ಲ. ತಾರೀಖು ಸರಿಮಾಡಿದೆ, ಎಲ್ಲ ಸರಿಹೋಯ್ತು.

ಡೌನ್‌ಲೋಡ್ ಮಾಡಿ ನೋಡಿದರೆ ಬಿಸಿ ಕಡಿಮೆ, ತಡವರಿಕೆಯೂ ಇಲ್ಲ. ನಾನೀಗ ಹಾಗೇ ಮಾಡುತ್ತೇನೆ. ಬ್ಯಾಂಕಿನ ಆ್ಯಪ್, ಮುಖ್ಯ ಈಮೇಲ್ ಮಾತ್ರ ಇದರಲ್ಲಿ ಇಟ್ಟಿಲ್ಲ, ಸೆಕ್ಯುರಿಟಿ ಅಪ್‌ಡೇಟ್ ಬರದ ಫೋನು ಅಲ್ವಾ. ಇನ್ನು, ಚೆನ್ನಾಗಿ ಓಡುತ್ತಿರುವ ಆ್ಯಪನ್ನು 'ಕ್ಲೀನ್ ಮಾಡೋಣ' ಅಂತ ಅಳಿಸಬೇಡಿ, ಮತ್ತೆ ಸಿಗುತ್ತೆ ಅನ್ನುವ ಭರವಸೆ ಇಲ್ಲ.

5ಕ್ಕೆ 3 ಕೊಡುತ್ತೇನೆ. ಹೋದ ತಿಂಗಳಿಂದ ಆ್ಯಪ್ ತೆರೆದಾಗಲೆಲ್ಲ 'ಈ ಆವೃತ್ತಿ ಶೀಘ್ರದಲ್ಲೇ ನಿಲ್ಲಲಿದೆ' ಅಂತ ಬರುತ್ತಿದೆ. ಕೆಳಗೆ ಇರುವುದು 'ಸರಿ' ಅನ್ನುವ ಒಂದೇ ಬಟನ್. ದಿನಾ ರಾತ್ರಿ ಅದನ್ನು ಒತ್ತಿ ನೋಡುತ್ತಿದ್ದೇನೆ.