ಕುದುರೆಯ ಮೇಲಿಂದ ಜೋಕರನ ಬಾಯಿಗೆ: ಸಾಂಟಾ ಕ್ರೂಜ್ ಬೋರ್ಡ್‌ವಾಕ್‌ನ ಆಟಗಳು

ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಕಡಲತೀರದಲ್ಲಿರುವ ಮನರಂಜನಾ ಉದ್ಯಾನ ಬೋರ್ಡ್‌ವಾಕ್‌ಗೆ ಬರುವವರಲ್ಲಿ ಹೆಚ್ಚಿನವರ ಕಣ್ಣು ಮೊದಲು ಹೋಗುವುದು 1924ರಲ್ಲಿ ಕಟ್ಟಿದ ಮರದ ರೋಲರ್ ಕೋಸ್ಟರ್ ‘ಜೈಂಟ್ ಡಿಪ್ಪರ್’ ಕಡೆಗೆ. ನಮ್ಮ ಮನೆಯವರು ಮಾತ್ರ ಅಲ್ಲಿಗೆ ಹೋಗುವುದು ಆಟಗಳಿಗಾಗಿ. ಸ್ಯಾನ್ ಹೊಸೆ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಇದು ಹೆದ್ದಾರಿ 17ರ ತಿರುವುಗಳನ್ನು ದಾಟಿದರೆ ಸಿಗುವ ಊರು. ಭಾರತದಿಂದ ಬಂದ ತಂದೆ ತಾಯಿಯರನ್ನು ಒಂದು ದಿನದ ಮಟ್ಟಿಗೆ ಕರೆದೊಯ್ಯಲು ಇದಕ್ಕಿಂತ ಹಗುರವಾದ ಪ್ರವಾಸ ನನಗೆ ತೋಚಿಲ್ಲ. 1907ರಿಂದ ನಡೆಯುತ್ತಿರುವ ಈ ಉದ್ಯಾನಕ್ಕೆ ಪ್ರವೇಶಶುಲ್ಕವಿಲ್ಲ. ಆಡಿದ ಆಟಕ್ಕೆ, ಏರಿದ ಸವಾರಿಗೆ ಮಾತ್ರ ಹಣ ಕೊಡಬೇಕು. ಆದ್ದರಿಂದ ಏನನ್ನೂ ಏರಲೊಲ್ಲದ ಹಿರಿಯರು ಕಡಲ ಗಾಳಿಯಲ್ಲಿ ಸುಮ್ಮನೆ ಅಡ್ಡಾಡಿಕೊಂಡಿರಬಹುದು.

ಇಲ್ಲಿನ ಅತ್ಯುತ್ತಮ ಆಟ ಇರುವುದು ಸಾಲು ಮಳಿಗೆಗಳಲ್ಲಿ ಅಲ್ಲ, ಕ್ಯಾರೊಸೆಲ್ ಮೇಲೆ. ಚಾರ್ಲ್ಸ್ ಲೂಫ್ ನಿರ್ಮಿಸಿದ, 1911ರಲ್ಲಿ ಇಲ್ಲಿಗೆ ಬಂದ ಈ ತಿರುಗಣಿಯಲ್ಲಿ ಕೈಯಿಂದ ಕೆತ್ತಿದ 70ಕ್ಕೂ ಹೆಚ್ಚು ಮರದ ಕುದುರೆಗಳಿವೆ. ಹೊರಸಾಲಿನ ಕುದುರೆಯ ಮೇಲೆ ಕುಳಿತವರು ಪ್ರತಿ ಸುತ್ತಿನಲ್ಲಿಯೂ ಒಂದು ಯಂತ್ರದ ಪಕ್ಕದಲ್ಲಿ ಹಾದುಹೋಗುತ್ತಾರೆ. ಆ ಯಂತ್ರದ ತುದಿಯಲ್ಲಿ ಇಣುಕುವ ಉಕ್ಕಿನ ಉಂಗುರವನ್ನು ಬೆರಳಿನಿಂದ ಸೆಳೆದುಕೊಂಡು, ಮುಂದೆ ಗೋಡೆಯ ಮೇಲೆ ಬಾಯಿ ತೆರೆದು ನಿಂತಿರುವ ಜೋಕರನ ಚಿತ್ರದತ್ತ ಎಸೆಯಬೇಕು. ಉಂಗುರ ಬಾಯೊಳಗೆ ಬಿದ್ದರೆ ದೀಪಗಳು ಹತ್ತಿ ಸದ್ದಾಗುತ್ತದೆ. ಬಹುಮಾನ ಅಷ್ಟೇ, ಮತ್ತೇನೂ ಇಲ್ಲ.

ನೋಡುವವರಿಗೆ ಸುಲಭವೆನಿಸುವ ಈ ಎಸೆತ ನಿಜಕ್ಕೂ ಸೂಕ್ಷ್ಮವಾದದ್ದು. ಕುದುರೆಯ ಜೊತೆಗೆ ನಮ್ಮ ಕೈಯೂ ಚಲಿಸುತ್ತಿರುವುದರಿಂದ, ಬಿಟ್ಟ ಉಂಗುರ ನಾವು ಗುರಿಯಿಟ್ಟ ಕಡೆಗಷ್ಟೇ ಹೋಗದೆ, ನಾವು ಸಾಗುತ್ತಿರುವ ದಿಕ್ಕಿಗೂ ಸರಿಯುತ್ತದೆ. ಜೋಕರ್ ನೇರ ಎದುರಿಗೆ ಬಂದಾಗ ಎಸೆದವರ ಉಂಗುರ ಅವನ ಕಿವಿಯನ್ನೂ ದಾಟಿ ಬೀಳುತ್ತದೆ. ಅವನು ಇನ್ನೂ ಒಂದಿಷ್ಟು ಮುಂದಿರುವಾಗಲೇ ಕೈ ಸಡಿಲಿಸಬೇಕು. ನನ್ನ ಮಗಳಿಗೆ ಇದನ್ನು ನಾನು ಬಾಯಲ್ಲಿ ಎಷ್ಟು ಹೇಳಿದರೂ ಹಿಡಿಸಲಿಲ್ಲ, ಮೂರನೆಯ ಸವಾರಿಯಲ್ಲಿ ಅವಳ ಕೈಗೇ ಅದು ತಿಳಿದುಹೋಯಿತು. ಅಮೆರಿಕದ ಕ್ಯಾರೊಸೆಲ್‌ಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವುದರಿಂದ ಸವಾರನ ಬಲಗೈ ಹೊರಗಡೆಗಿರುತ್ತದೆ, ಹೀಗಾಗಿ ಉಂಗುರ ಕೀಳಲು ಬಲಗೈಯವರಿಗೆ ಅನುಕೂಲ. ಎಡಗೈ ಬಳಸುವವರು ಮಾತ್ರ ಸ್ವಲ್ಪ ಹೆಚ್ಚು ಅಭ್ಯಾಸ ಮಾಡಬೇಕಾಗುತ್ತದೆ. ಹಿಂದೊಮ್ಮೆ ಅನೇಕ ಕ್ಯಾರೊಸೆಲ್‌ಗಳಲ್ಲಿದ್ದ ಈ ಉಂಗುರದ ಯಂತ್ರ ಈಗ ಆ ದೇಶದಲ್ಲಿ ಬೆರಳೆಣಿಕೆಯ ಕಡೆಗಳಲ್ಲಿ ಮಾತ್ರ ಉಳಿದಿದೆ. ಈ ಕ್ಯಾರೊಸೆಲ್ ಮತ್ತು ಜೈಂಟ್ ಡಿಪ್ಪರ್ ಎರಡಕ್ಕೂ 1987ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮಾನ್ಯತೆ ದೊರೆತಿದೆ.

ಇನ್ನು ಬಹುಮಾನದ ಮಳಿಗೆಗಳು. ಬಾಟಲಿಯ ಕುತ್ತಿಗೆಗೆ ರಿಂಗ್ ಹಾಕುವ ಆಟವನ್ನು ಕಂಡೊಡನೆ ನಮ್ಮ ಊರಿನ ಜಾತ್ರೆಯಲ್ಲಿ ಸೋಪಿನ ಮೇಲೆ ಬಳೆ ಎಸೆಯುತ್ತಿದ್ದುದು ನೆನಪಾಗುತ್ತದೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆದರೆ ಈ ಬಗೆಯ ಆಟ ಎಲ್ಲಿದ್ದರೂ ಕಷ್ಟವೇ: ಗಟ್ಟಿ ಪ್ಲಾಸ್ಟಿಕ್ ರಿಂಗ್ ಗಾಜಿಗೆ ತಗುಲಿದೊಡನೆ ಪುಟಿಯುತ್ತದೆ, ರಿಂಗಿನ ಒಳ ಅಳತೆ ಬಾಟಲಿಯ ಬಾಯಿಗಿಂತ ಸ್ವಲ್ಪವೇ ದೊಡ್ಡದಿರುತ್ತದೆ, ಹಾಗಾಗಿ ಅದು ಬಹುತೇಕ ಸಮತಟ್ಟಾಗಿ ಇಳಿದರೆ ಮಾತ್ರ ನಿಲ್ಲುತ್ತದೆ. ಬೇರೊಂದು ಊರಿನ ಉದ್ಯಾನದಲ್ಲಿ ಒಂದು ಗೊಂಬೆಯ ಆಸೆಗೆ ಬಿದ್ದು, ಅದರ ಅಂಗಡಿಯ ಬೆಲೆಗಿಂತ ಹೆಚ್ಚು ಹಣವನ್ನು ರಿಂಗುಗಳಿಗೆ ಸುರಿದಿದ್ದೇನೆ. ಅಂದಿನಿಂದ ಮೊದಲೇ ಒಂದು ಮೊತ್ತವನ್ನು ನಿಶ್ಚಯಿಸಿಕೊಂಡು ಹೋಗುತ್ತೇನೆ. ಮಕ್ಕಳೊಂದಿಗೆ ಹೋದವರಿಗೆ ನನ್ನ ಶಿಫಾರಸು ನೀರಿನ ಪಿಚಕಾರಿಯಿಂದ ಗುರಿಗೆ ಹೊಡೆಯುವ ಪಂದ್ಯ. ಅಲ್ಲಿ ಸ್ಪರ್ಧೆ ಯಂತ್ರದೊಡನೆ ಅಲ್ಲ, ಪಕ್ಕದವರೊಡನೆ, ಆದ್ದರಿಂದ ಪ್ರತಿ ಸುತ್ತಿನಲ್ಲಿಯೂ ಒಬ್ಬರು ಗೆದ್ದೇ ಗೆಲ್ಲುತ್ತಾರೆ. ಮನೆಯವರೇ ನಾಲ್ವರು ಸಾಲಾಗಿ ಕುಳಿತರೆ ಗೊಂಬೆ ನಮ್ಮ ಕಾರಿಗೇ ಬರುವ ಸಾಧ್ಯತೆಯೂ ಅಷ್ಟೇ ಹೆಚ್ಚು.

ಬಿಸಿಲು ಹೆಚ್ಚಾದಾಗ ‘ನೆಪ್ಚೂನ್ಸ್ ಕಿಂಗ್‌ಡಮ್’ ಒಳಗೆ ಹೋಗಬಹುದು. ಒಂದು ಕಾಲದಲ್ಲಿ ಒಳಾಂಗಣ ಈಜುಕೊಳವಾಗಿದ್ದ ಕಟ್ಟಡದಲ್ಲಿ ಈಗ ಕಡಲ್ಗಳ್ಳರ ಕಥಾವಸ್ತುವನ್ನು ಇಟ್ಟುಕೊಂಡು ರೂಪಿಸಿದ ಎರಡು ಅಂತಸ್ತಿನ ಪುಟಾಣಿ ಗಾಲ್ಫ್ ಇದೆ. 1972ರಲ್ಲಿ ಮುಚ್ಚಿಹೋದ ಸ್ಯಾನ್ ಫ್ರಾನ್ಸಿಸ್ಕೋದ ಪ್ಲೇಲ್ಯಾಂಡ್ ಉದ್ಯಾನದ ನಗುವ ಯಾಂತ್ರಿಕ ಗೊಂಬೆ ‘ಲಾಫಿಂಗ್ ಸಾಲ್’ ಕೂಡ ಇಲ್ಲಿಯೇ ಇದ್ದಾಳೆ. ತೀರ ಚಿಕ್ಕ ಮಕ್ಕಳು ಆ ನಗೆಗೆ ಬೆಚ್ಚಬಹುದು.

ಬೇಸಿಗೆಯ ವಾರದ ದಿನಗಳಲ್ಲಿ, ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಹೋಗುವುದು ಒಳ್ಳೆಯದು. ಉಳಿದ ಕಾಲದಲ್ಲಿ ಸವಾರಿಗಳು ಎಲ್ಲ ದಿನವೂ ನಡೆಯುವುದಿಲ್ಲವಾದ್ದರಿಂದ ದಿನಪಟ್ಟಿಯನ್ನು ನೋಡಿಕೊಂಡು ಹೊರಡಬೇಕು. ಕ್ಯಾರೊಸೆಲ್‌ನ ಗೇಟು ತೆರೆದೊಡನೆ ಹೊರಸಾಲಿನ ಕುದುರೆಗೇ ನಡೆಯಿರಿ, ಒಳಸಾಲಿನಿಂದ ಉಂಗುರ ಕೈಗೆ ಎಟುಕುವುದಿಲ್ಲ. ಕೊನೆಯ ಸುತ್ತಿನಲ್ಲಿ ಕಿತ್ತ ಉಂಗುರವನ್ನು ನೆನಪಿಗೆಂದು ಜೇಬಿಗಿಳಿಸದೆ, ಗುರಿ ತಪ್ಪಿದರೂ ಸರಿ, ಜೋಕರನ ಕಡೆಗೇ ಎಸೆದುಬಿಡಿ. ಮುಂದಿನ ಸವಾರಿಯ ಮಗುವಿಗೆ ಅದು ಬೇಕಾಗುತ್ತದೆ.