ಅಲ್ಬರಾಸಿನ್‌ನಲ್ಲಿ ನಾಲ್ಕು ದಾರಿ: ಕೋಟೆಗೋಡೆಯೋ, ಹೊಳೆದಂಡೆಯೋ, ಚಿತ್ರದ ಬಂಡೆಯೋ, ರೋಮನ್ ಸುರಂಗವೋ?

ಸ್ಪೇನಿನ ವಲೆನ್ಸಿಯಾದಲ್ಲಿ ನಮ್ಮ ಮನೆ ಇರುವುದು ತೂರಿಯಾ ನದಿಯ ಹಳೇ ಪಾತ್ರದ ಪಕ್ಕ. 1957ರ ಅಕ್ಟೋಬರಿನಲ್ಲಿ ಆ ನದಿ ಉಕ್ಕಿ ಊರನ್ನೇ ಮುಳುಗಿಸಿತು. ಆಮೇಲೆ ನದಿಯನ್ನು ಊರಿನ ದಕ್ಷಿಣಕ್ಕೆ ತಿರುಗಿಸಿದರು. ಖಾಲಿಯಾದ ಪಾತ್ರ ಈಗ ಉದ್ದಾನುದ್ದ ತೋಟ. ದಿನಾ ಸಂಜೆ ನಾನು ಅಲ್ಲೇ ವಾಕಿಂಗ್ ಮಾಡುತ್ತೇನೆ. ಹಳೇ ಕಲ್ಲಿನ ಸೇತುವೆಗಳಿವೆ, ಕೆಳಗೆ ಹೊಳೆ ಇಲ್ಲ. ಇಲ್ಲಿ ಹರಿಯುತ್ತಿದ್ದ ನೀರು ಎಲ್ಲಿಂದ ಬರುತ್ತಿತ್ತು, ಒಮ್ಮೆ ನೋಡಬೇಕು ಅನ್ನಿಸಿತು. ಹಾಗೆ ನದಿಯ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಅಲ್ಬರಾಸಿನ್.

ಇದು ಅರಾಗಾನ್ ಪ್ರಾಂತದ ತೆರುಏಲ್ ಜಿಲ್ಲೆಯ ಸಣ್ಣ ಊರು. ಜನಸಂಖ್ಯೆ ಸುಮಾರು 1,000. ಸಮುದ್ರ ಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ತೂರಿಯಾ ನದಿಗೆ ಇಲ್ಲಿ ಗ್ವಾದಲಾವಿಯಾರ್ ಅಂತ ಹೆಸರು. ಅರಬ್ಬಿಯಲ್ಲಿ ‘ಬಿಳಿ ನದಿ’ ಎಂಬ ಮಾತಿನಿಂದ ಬಂದದ್ದು. ತೆರುಏಲ್ ಪಟ್ಟಣದಲ್ಲಿ ಇನ್ನೊಂದು ನದಿ ಸೇರಿದ ಮೇಲೆ ಅದು ತೂರಿಯಾ ಆಗುತ್ತದೆ. ಊರಿನ ಹೆಸರೂ ಅಷ್ಟೇ, ಇಲ್ಲಿ ಆಳಿದ ಬನು ರಜೀನ್ ಎಂಬ ಬೆರ್ಬರ್ ಮನೆತನದಿಂದ ಬಂತು. 1961ರಲ್ಲಿ ಇಡೀ ಊರನ್ನೇ ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಅಕ್ಟೋಬರಿನಲ್ಲಿ, ಒಬ್ಬನೇ. ಎರಡನೇ ಸಲ ಜೂನಿನಲ್ಲಿ, ಬೀದರಿನಿಂದ ಬಂದಿದ್ದ ಅವ್ವನ ಜೊತೆ. ಅವ್ವನಿಗೆ 67 ವರ್ಷ, ಮೊಣಕಾಲು ನೋವಿದೆ. ಒಂದೇ ದಾರಿ ಒಬ್ಬನೇ ನಡೆದಾಗ ಒಂದು ತರಹ, ಅವ್ವನ ಕೈ ಹಿಡಿದು ನಡೆದಾಗ ಇನ್ನೊಂದು ತರಹ ಕಾಣುತ್ತದೆ. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಊರಿನೊಳಗೆ ಮುಖ್ಯವಾಗಿ ಎರಡು ನಡಿಗೆ. ಒಂದು, ಗುಡ್ಡದ ಮೇಲಿನ ಕೋಟೆಗೋಡೆ. ಇನ್ನೊಂದು, ಕೆಳಗಿನ ಹೊಳೆದಂಡೆ. ಬಂದವರಲ್ಲಿ ಬಹಳಷ್ಟು ಮಂದಿ ಸೀದಾ ಗೋಡೆ ಹತ್ತುತ್ತಾರೆ. ಫೋಟೋಗಳಲ್ಲಿ ನೋಡಿ ಬಂದಿರುವುದು ಅದನ್ನೇ ತಾನೇ. ನಾನೂ ಮೊದಲ ಸಲ ಹಾಗೇ ಮಾಡಿದೆ.

ಊರ ಚೌಕದಿಂದ ಮೊಲೀನಾ ಬಾಗಿಲಿನವರೆಗೆ ಕಲ್ಲು ಹಾಸಿದ ಓಣಿ. ಎರಡೂ ಕಡೆ ಕೆಂಪು ಜಿಪ್ಸಂ ಗಾರೆಯ ಮನೆಗಳು. ಮೇಲಂತಸ್ತು ಕೆಳಗಿನದಕ್ಕಿಂತ ಮುಂದೆ ಚಾಚಿರುತ್ತದೆ, ಮೇಲೆ ಹೋದಂತೆ ಎದುರು ಬದುರಿನ ಸೂರುಗಳು ಹತ್ತಿರ ಹತ್ತಿರ ಬರುತ್ತವೆ. ಬಾಗಿಲು ದಾಟಿದರೆ ಏರು ಶುರು. ಬಿಡಿ ಕಲ್ಲಿನ ಕಾಲುದಾರಿ, ಸುಮಾರು 20 ನಿಮಿಷ. ತುದಿಯಲ್ಲಿರುವುದು ಆಂದಾದೋರ್ ಬುರುಜು, 10ನೇ ಶತಮಾನದ್ದು. ಮೊದಲು ಅದು ಒಂಟಿಯಾಗಿ ಕಾವಲಿಗೆ ನಿಂತಿತ್ತು. ಊರಿನಿಂದ ಏರಿ ಬರುವ ಗೋಡೆ ಆಮೇಲೆ ಬಂದು ಅದಕ್ಕೆ ಸೇರಿಕೊಂಡಿತು.

ಮೇಲಿಂದ ಕಾಣುವ ನೋಟಕ್ಕೆ ನನ್ನಲ್ಲಿ ದೂರಿಲ್ಲ. ಸಂಜೆ ಬಿಸಿಲು ಬಿದ್ದಾಗ ಗೋಡೆ, ಮನೆ, ಗುಡ್ಡ ಎಲ್ಲಾ ಒಂದೇ ಬಣ್ಣಕ್ಕೆ ತಿರುಗುತ್ತವೆ. ಬೆಳಿಗ್ಗೆ ಹೋದಾಗ ಇಷ್ಟು ಚೆನ್ನಾಗಿರಲಿಲ್ಲ. ಆದರೆ ನೆರಳು ಅನ್ನುವುದು ಇಲ್ಲವೇ ಇಲ್ಲ. ಇಳಿಯುವಾಗ ಒಂದು ಕಡೆ ಕಲ್ಲು ಜಾರಿ ಅಂಗೈ ತರಚಿಕೊಂಡೆ. ಅವ್ವ ಮೊಲೀನಾ ಬಾಗಿಲಿನವರೆಗೆ ಬಂದು, ಕಟ್ಟೆ ಮೇಲೆ ಕೂತು, “ನೀ ಹೋಗಿ ಬಾ, ನಾ ಇಲ್ಲೇ ಕೂಡ್ತೀನಿ” ಅಂದಳು.

ಹೊಳೆದಂಡೆಯ ದಾರಿಯನ್ನು ಮೊದಲ ಸಲ ಸುಮ್ನೆ ಹೊತ್ತು ಕಳೆಯಲು ಹಿಡಿದಿದ್ದೆ. ಈಗ ನನ್ನ ಪ್ರಕಾರ ಊರು ನೋಡುವುದನ್ನು ಅಲ್ಲಿಂದಲೇ ಶುರು ಮಾಡಬೇಕು. ನದಿ ಇಲ್ಲಿ ಬಂಡೆಯ ದಿಣ್ಣೆಯನ್ನು ಸುತ್ತು ಹಾಕಿಕೊಂಡು ಹೋಗುತ್ತದೆ. ಕಡಿದಾದ ಬಂಡೆ, ಬುಡದಲ್ಲಿ ನೀರು. ಆ ಬದಿಗಳಿಂದ ಯಾರೂ ಸುಲಭಕ್ಕೆ ಹತ್ತಿ ಬರಲಾರರು. ಊರು ಗುಡ್ಡಕ್ಕೆ ಅಂಟಿಕೊಂಡಿರುವ ಕಡೆ ಮಾತ್ರ ಭಯ, ಆ ದೊಡ್ಡ ಗೋಡೆ ಎದ್ದಿರುವುದೂ ಅಲ್ಲೇ. ಮೇಲೆ ನಿಂತಾಗ ಇದು ನನಗೆ ಹೊಳೆದಿರಲಿಲ್ಲ. ಕೆಳಗೆ, ನೀರಿನ ಪಕ್ಕ ನಿಂತು ತಲೆ ಎತ್ತಿ ನೋಡಿದಾಗ ಒಂದೇ ಕ್ಷಣದಲ್ಲಿ ಅರ್ಥವಾಯಿತು.

ದಾರಿಯೂ ಹಿತವಾಗಿದೆ. ಕೆಲವು ಕಡೆ ಬಂಡೆಗೆ ಹೊಂದಿಸಿದ ಮರದ ಅಟ್ಟಣೆ, ಒಂದು ತೂಗುಸೇತುವೆ, ನಡುವೆ ಸಣ್ಣ ಸಣ್ಣ ತರಕಾರಿ ತೋಟಗಳು, ಪಾಪ್ಲರ್ ಮರಗಳ ನೆರಳು. ಕೆಲವು ಮೆಟ್ಟಿಲುಗಳಿವೆ, ಅಲ್ಲಿ ಅವ್ವನಿಗೆ ಕೈ ಕೊಡಬೇಕಾಯಿತು. ನಾನೊಬ್ಬನೇ 40 ನಿಮಿಷದಲ್ಲಿ ಮುಗಿಸಿದ್ದೆ. ಅವ್ವನ ಜೊತೆ ಒಂದೂಕಾಲು ಗಂಟೆ ಹಿಡಿಯಿತು. ಅವಳು ಪ್ರತಿ ತೋಟದ ಬೇಲಿ ಹತ್ತಿರ ನಿಂತು ಏನೇನು ಬೆಳೆದಿದ್ದಾರೆ ಅಂತ ನೋಡಿದಳು. ಹಾಗಾಗಿ ನನ್ನ ಸಲಹೆ ಇಷ್ಟು: ಬೆಳಿಗ್ಗೆ ಹೊಳೆ, ಸಂಜೆ ಗೋಡೆ. ಒಂದಕ್ಕೇ ಹೊತ್ತಿದ್ದರೆ ಹೊಳೆ.

ಗೋಡೆಗಾಗಲಿ ದಂಡೆಗಾಗಲಿ ಟಿಕೆಟ್ ಇಲ್ಲ. ಹಳೇ ಅರಮನೆ ಕೋಟೆ ಮತ್ತು 16ನೇ ಶತಮಾನದ ಕೆಥೆಡ್ರಲ್ ನೋಡಲು ಗೈಡ್ ಜೊತೆ ಹೋಗಬೇಕು, ಅದಕ್ಕೆ ದುಡ್ಡು ಕೊಡಬೇಕು. ಸ್ಪ್ಯಾನಿಷ್ ಬಾರದ ಅವ್ವನಿಗೆ ಅದು ಬೇಸರ ತರಿಸಿತು. ನನಗೆ ಇಷ್ಟವಾಯಿತು.

ಇನ್ನು ಊರ ಹೊರಗಿನ ಎರಡು. ನಿಜವಾದ ಪೈಪೋಟಿ ಇರುವುದು ಇಲ್ಲೇ. ಎರಡಕ್ಕೂ ಅರ್ಧ ದಿನ ಬೇಕು, ಎರಡೂ ಬೇರೆ ಬೇರೆ ದಿಕ್ಕಿಗೆ. ಒಂದೇ ದಿನ ಇರುವವರು ಒಂದನ್ನೇ ಆರಿಸಿಕೊಳ್ಳಬೇಕಾಗುತ್ತದೆ.

ಮೊದಲನೆಯದು ರೊದೆನೊ ಪೈನ್ ಕಾಡು. ರೊದೆನೊ ಎಂದರೆ ಅಲ್ಲಿನ ಕೆಂಪು ಮರಳುಗಲ್ಲು. ಆ ಕಲ್ಲಿನ ಮೇಲೆ ಬೆಳೆಯುವ ಪೈನ್ ಮರಕ್ಕೂ ಅದೇ ಹೆಸರು. ಹಿಂದೆ ಈ ಮರಗಳಿಂದ ರಾಳ ಇಳಿಸುತ್ತಿದ್ದರು. ಕಾಡನ್ನು 1995ರಿಂದ ಕಾಪಾಡಿಕೊಂಡು ಬಂದಿದ್ದಾರೆ. ಊರಿನಿಂದ ಕಾರಲ್ಲಿ ಕೆಲವೇ ನಿಮಿಷ. ನಡೆದೂ ಹೋಗಬಹುದು, ಆದರೆ ಏರು ದಾರಿ.

ಇಲ್ಲಿ ಬಂಡೆಗಳ ಆಸರೆಯಲ್ಲಿ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಸ್ಪೇನಿನ ಮೆಡಿಟರೇನಿಯನ್ ಭಾಗದ ಬಂಡೆಚಿತ್ರಗಳನ್ನೆಲ್ಲ ಸೇರಿಸಿ 1998ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು, ಇವೂ ಅದರಲ್ಲಿವೆ. ಬೇರೆ ಕಡೆ ಕೆಂಪು ಬಣ್ಣವೇ ಜಾಸ್ತಿ. ಇಲ್ಲಿನ ವಿಶೇಷ ಬಿಳಿ ಬಣ್ಣ. ಪ್ರಾದೊ ದೆಲ್ ನವಾಸೊ ಎಂಬಲ್ಲಿ ಬಿಳಿ ಗೂಳಿಗಳ ಹಿಂಡೇ ಇದೆ. ಮುಂದೆ ಕಬ್ಬಿಣದ ಸರಳು ಹಾಕಿದ್ದಾರೆ, ಪಕ್ಕದಲ್ಲಿ ವಿವರದ ಫಲಕ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿತ್ರಗಳು ಸಣ್ಣವು, ಮಾಸಿವೆ. ಪೋಸ್ಟರಿನಲ್ಲಿ ನೋಡಿದ್ದನ್ನು ಮನಸ್ಸಲ್ಲಿಟ್ಟುಕೊಂಡು ಹೋದರೆ ನಿರಾಸೆ ಆಗುತ್ತದೆ. ಎರಡು ನಿಮಿಷ ಸುಮ್ನೆ ನಿಲ್ಲಬೇಕು. ಮೊದಲು ಒಂದು ಕೊಂಬು ಕಾಣುತ್ತದೆ, ಆಮೇಲೆ ಬೆನ್ನಿನ ಗೆರೆ, ಆಮೇಲೆ ಇಡೀ ಗೂಳಿ. ಅವ್ವನಿಗೆ ನನಗಿಂತ ಮೊದಲು ಕಂಡಿತು. ಹೊಲದ ಮನೆಯಲ್ಲಿ ಬೆಳೆದವಳು, ಎತ್ತಿನ ಬೆನ್ನು ಅವಳ ಕಣ್ಣಿಗೆ ಹೊಸದಲ್ಲ.

ಕಾಡು ತಂಪಾಗಿದೆ, ಬಿಸಿಲಿಗೆ ರಾಳದ ವಾಸನೆ ಏಳುತ್ತದೆ. ಈ ಬಂಡೆಗಳನ್ನು ಹಗ್ಗವಿಲ್ಲದೆ ಹತ್ತಲು ದೇಶ ದೇಶಗಳಿಂದ ಹುಡುಗ ಹುಡುಗಿಯರು ಬರುತ್ತಾರೆ. ಬೆನ್ನ ಮೇಲೆ ಹಾಸಿಗೆಯಂಥ ದಪ್ಪ ಮೆತ್ತೆ ಹೊತ್ತು ಓಡಾಡುವುದು ಕಂಡರೆ ಅವರೇ ಅಂತ ತಿಳಿಯಿರಿ. ಅಕ್ಟೋಬರಿನ ಶನಿವಾರ ಅವರ ಗದ್ದಲ ತುಂಬಾ ಇತ್ತು. ಜೂನಿನ ಮಂಗಳವಾರ ನಾವಿಬ್ಬರೇ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಕಾರಿಲ್ಲದವರಿಗೆ, ಬೇಸಿಗೆಯ ಮಧ್ಯಾಹ್ನ ಸಿಕ್ಕಿಬಿದ್ದವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತೆರುಏಲ್ ಸೀಮೆ ಹಂದಿ ತೊಡೆಯ ಹಾಮೊನ್‌ಗೆ, ಕುರಿಮರಿ ಮಾಂಸಕ್ಕೆ ಹೆಸರಾದದ್ದು. ಸಸ್ಯಾಹಾರಿಗಳಿಗೆ ಕಷ್ಟ. ಅಲ್ಲಿನ ಕುರಿಹಾಲಿನ ಚೀಸ್ ಮಾತ್ರ ಬಹಳ ಚೆನ್ನಾಗಿದೆ. ನಾವು ಬೀದರಿನ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು. ಪೈನ್ ಮರದ ಕೆಳಗೆ ಆ ಚೀಸ್ ಜೊತೆ ತಿಂದೆವು. ಎರಡೂ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಒಮ್ಮೆ ತಿಂದು ನೋಡಿ. ಮಧ್ಯಾಹ್ನ ನಾಲ್ಕರ ಮೇಲೆ ಹೋಟೆಲಿನಲ್ಲಿ ಊಟ ಕೇಳಿದರೆ ಸಿಗುವುದಿಲ್ಲ, ರಾತ್ರಿವರೆಗೆ ಕಾಯಬೇಕು.

ಕೊನೆಯದು ರೋಮನ್ನರ ಕಾಲುವೆ. ನನ್ನ ಮನಸ್ಸು ಇರುವುದು ಇದರ ಕಡೆಗೇ.

ಕ್ರಿ.ಶ. 1ನೇ ಶತಮಾನದಲ್ಲಿ ರೋಮನ್ನರು ಅಲ್ಬರಾಸಿನ್ ಹತ್ತಿರ ಗ್ವಾದಲಾವಿಯಾರ್ ನೀರನ್ನು ತಿರುಗಿಸಿ, ಸುಮಾರು 25 ಕಿಲೋಮೀಟರ್ ದೂರದ ಸೆಯಾ ಎಂಬ ಊರಿಗೆ ಒಯ್ದರು. ರೋಮನ್ ಕಾಲುವೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಎತ್ತರದ ಕಮಾನುಗಳ ಸಾಲು, ಅಲ್ವಾ? ಇಲ್ಲಿ ಹಾಗಿಲ್ಲ. ಬಹಳಷ್ಟು ದಾರಿ ಬಂಡೆ ಕೊರೆದು, ಗುಡ್ಡದ ಹೊಟ್ಟೆಯೊಳಗೆ ಹೋಗುತ್ತದೆ. ಇನ್ನೊಂದು ದೊಡ್ಡ ಸಂಗತಿ ಇದೆ. ಗ್ವಾದಲಾವಿಯಾರ್ ಹರಿಯುವುದು ವಲೆನ್ಸಿಯಾ ಕಡೆಗೆ. ಸೆಯಾದ ನೀರು ಹಿಲೋಕಾ ನದಿ ಸೇರಿ ಕೊನೆಗೆ ಎಬ್ರೋಗೆ ಹೋಗುತ್ತದೆ. ಅಂದರೆ ಒಂದು ನದಿ ಕೊಳ್ಳದ ನೀರನ್ನು ಗುಡ್ಡ ಕೊರೆದು ಇನ್ನೊಂದು ಕೊಳ್ಳಕ್ಕೆ ದಾಟಿಸಿದ್ದಾರೆ, ಅದೂ ಬರೀ ಇಳಿಜಾರಿನ ಲೆಕ್ಕದ ಮೇಲೆ. ನಾನು ದಿನಾ ನಡೆಯುವ ಪಾತ್ರಕ್ಕೆ ಬರಬೇಕಿದ್ದ ನೀರಿನ ಒಂದು ಪಾಲು ಆಗ ಈ ದಾರಿ ಹಿಡಿದಿತ್ತು.

ಕಾಲುವೆಯ ತುಂಡುಗಳು ಅಲ್ಬರಾಸಿನ್‌ನಿಂದ ಹೇಯಾ ಊರಿಗೆ ಹೋಗುವ ರಸ್ತೆ ಪಕ್ಕದಲ್ಲೇ ಕಾಣುತ್ತವೆ. ಹೇಯಾದಲ್ಲಿ ಇದಕ್ಕೆಂದೇ ಒಂದು ಮಾಹಿತಿ ಕೇಂದ್ರವಿದೆ. ಅದರ ಹತ್ತಿರದ ‘ಕನ್ನಡಿಗಳ ಸುರಂಗ’ದೊಳಗೆ ಕಾಲಿಟ್ಟು ನಡೆಯಬಹುದು. ಸುರಂಗ ಕಮರಿಯ ಅಂಚಿನಲ್ಲೇ ಸಾಗುತ್ತದೆ. ಅಲ್ಲಲ್ಲಿ ಪಕ್ಕಕ್ಕೆ ಕಿಟಕಿಯಂಥ ಕಂಡಿಗಳು. ಅಗೆದ ಕಲ್ಲನ್ನು ಆ ಕಂಡಿಗಳಿಂದಲೇ ಹೊರಗೆ ಹಾಕುತ್ತಿದ್ದರು. ಗುಡ್ಡದ ನಡುವೆ ಹೋಗುವ ಕಡೆಗಳಲ್ಲಿ ಮೇಲಿಂದ ಬಾವಿಗಳನ್ನು ತೋಡಿ, ತಳದಿಂದ ಎರಡೂ ಕಡೆಗೆ ಅಗೆಯುತ್ತಾ ಹೋಗಿ ಸೇರಿಸಿದ್ದಾರೆ.

ಇದರ ಕಷ್ಟಗಳೂ ಇವೆ. ಕಾರಿಲ್ಲದೆ ಆಗುವುದಿಲ್ಲ, ಒಂದೊಂದು ತುಂಡು ಒಂದೊಂದು ಕಡೆ ಇದೆ. ಹೊರಗೆ ಬೋಳು ಗುಡ್ಡ, ಬಿಸಿಲು ಜೋರು. ಒಳಗೆ ಕತ್ತಲೆ, ಟಾರ್ಚ್ ಬೇಕೇ ಬೇಕು. ಮೊದಲ ಸಲ ನಾನು ಮೊಬೈಲ್ ಬೆಳಕನ್ನೇ ನಂಬಿ ಹೋಗಿದ್ದೆ, ನೆಲದ ಏರುತಗ್ಗು ಸರಿಯಾಗಿ ಕಾಣದೆ ಅರ್ಧಕ್ಕೇ ವಾಪಸ್ ಬಂದೆ. ಎರಡನೇ ಸಲ ಎರಡು ಒಳ್ಳೆ ಟಾರ್ಚ್ ಒಯ್ದೆ. ಬೆಳಿಗ್ಗೆ ಒಂಬತ್ತಕ್ಕೇ ಹೋದೆವು.

ಅವ್ವ ಬರುವುದಿಲ್ಲ ಅಂದುಕೊಂಡಿದ್ದೆ. ಆದರೆ ಬಾಯಿಯ ಹತ್ತಿರ ಬಂದು ಒಳಗೆ ಬೆಳಕು ಬಿಟ್ಟು ನೋಡಿದವಳೇ ನನ್ನ ಕೈ ಹಿಡಿದು ಮುಂದೆ ನಡೆದಳು. ನಮ್ಮ ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ಸುರಂಗ, ಮೇಲೆ ಸಾಲಾಗಿ ಬಾವಿ ಬಾಯಿಗಳು. ಅದು ಭೂಮಿಯೊಳಗೆ ಜಿನುಗುವ ನೀರನ್ನು ಕೂಡಿಸಿ ತರುವುದು, ಇದು ಹೊಳೆ ನೀರನ್ನು ತಿರುಗಿಸಿದ್ದು. ಎರಡರ ನಡುವೆ ಸುಮಾರು 1,400 ವರ್ಷಗಳ ಅಂತರ. ಆದರೆ ಬಾವಿ ತೋಡಿ, ಸಣ್ಣ ಇಳಿಜಾರು ಬಿಟ್ಟು, ಒಳಗಿಂದ ಒಳಗೆ ಕೂಡಿಸುವ ಕೆಲಸ ಒಂದೇ.

ಒಂದು ಕಂಡಿಯ ಹತ್ತಿರ ಬೆಳಕು ಬೀಳುತ್ತಿತ್ತು. ಅಲ್ಲಿ ಗೋಡೆಯ ಮೇಲೆ ಉಪಕರಣದ ಏಟುಗಳು ಸಾಲು ಸಾಲಾಗಿ ಕಾಣುತ್ತವೆ. ಅವ್ವ ಅಂಗೈ ಇಟ್ಟು ಆ ಗೆರೆಗಳ ಮೇಲೆ ಮೆಲ್ಲಗೆ ಸವರಿದಳು. “ಎಷ್ಟು ಮಂದಿ ಕೂತು ಹೊಡದಾರೋ ಏನೋ,” ಅಂದಳು. ಆಮೇಲೆ ನನ್ನ ಮೊಬೈಲ್ ಇಸಿದುಕೊಂಡು ಬೀದರಿನಲ್ಲಿರುವ ತಮ್ಮನಿಗೆ ಕಳಿಸಲು ವಿಡಿಯೋ ಮಾಡಿದಳು. ಕತ್ತಲಿನಿಂದ ಬೆಳಕಿನ ಕಂಡಿಯವರೆಗೆ ನಿಧಾನಕ್ಕೆ ತಿರುಗಿಸುತ್ತಾ ಹೇಳಿದಳು: “ನೋಡಪಾ, ಇದು ನೌಬಾದದ್ದಲ್ಲ. ಸ್ಪೇನದ್ದು.”