ಎರಡೂ ಬದಿ ಅಂಟಿರುವ ಬಟ್ಟೆ ಟೇಪ್: 3 ವರ್ಷ ಬಳಸಿದ ಮೇಲೆ

ನಾಟಕದ ತಂಡವೊಂದರಲ್ಲಿ ಉಡುಪಿನ ಕೆಲಸ ನನ್ನದು. ಒಂದೇ ಕಪ್ಪು ಕೋಟು ಒಂದು ನಾಟಕದಲ್ಲಿ ರಾಜನಿಗೆ, ಇನ್ನೊಂದರಲ್ಲಿ ವಕೀಲನಿಗೆ. ರಾಜನಿಗಾದರೆ ಅಂಚಿಗೆಲ್ಲ ಜರಿ ಲೇಸ್ ಬೇಕು, ವಕೀಲನಿಗೆ ಅದರ ಗುರುತೂ ಇರಬಾರದು. ಎಷ್ಟೋ ಬಟ್ಟೆ ನಮ್ಮವೂ ಅಲ್ಲ, ಯಾರೋ ನಂಬಿ ಕೊಟ್ಟಿರುತ್ತಾರೆ, ತೆಗೆದುಕೊಂಡ ಹಾಗೇ ವಾಪಸ್ ಕೊಡಬೇಕು. ಹಾಗಾಗಿ ಲೇಸ್ ಅಂಟಿಸುವ ಯಾವ ವಸ್ತು ಸಿಕ್ಕರೂ ನಾನು ಮೊದಲು ನೋಡುವುದು ಅದು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅಂತಲ್ಲ, ಎಷ್ಟು ಚೆನ್ನಾಗಿ ಬಿಡುತ್ತದೆ ಅಂತ.

ಈ ಟೇಪ್ ಸುರುಳಿಯಾಗಿ ಬರುತ್ತದೆ, ಒಂದು ಬದಿಗೆ ಕಾಗದ ಇರುತ್ತದೆ. ಒತ್ತಿದರೆ ಸಾಕು, ಇಸ್ತ್ರಿ ಬೇಕಿಲ್ಲ. ಇಸ್ತ್ರಿ ಹಾಕಿ ಅಂಟಿಸುವ ಜಾಲರಿ ಪಟ್ಟಿ ಬೇರೆ, ಅದು ಕರಗಿ ನೂಲಿನೊಳಗೆ ಇಳಿದು ಕೂತುಬಿಡುತ್ತದೆ. ಎರಡೂ ಒಂದೇ ಅಂದುಕೊಂಡು ತರಬೇಡಿ, ನೋಡುವುದಕ್ಕೆ ಒಂದೇ ಥರ ಇರುತ್ತವೆ. ನಾನು ಬಳಸುವುದು 6 ಮಿಲಿಮೀಟರ್ ಮತ್ತು 12 ಮಿಲಿಮೀಟರ್ ಅಗಲದವು. ಲೇಸಿಗಿಂತ ಟೇಪ್ ಸ್ವಲ್ಪ ಕಿರಿದಾಗಿರಲಿ. ಅಂಚಿನಿಂದ ಹೊರಗೆ ಇಣುಕಿದರೆ ದೂಳು, ಕೂದಲು, ದಾರದ ಚೂರು ಎಲ್ಲ ಅದಕ್ಕೇ ಬಂದು ಕೂರುತ್ತದೆ, ವೇದಿಕೆಯ ದೀಪದಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ.

ಹತ್ತಿ ಬಟ್ಟೆ, ಹತ್ತಿ ಬೆರೆತ ಪಾಲಿಯೆಸ್ಟರ್, ದಪ್ಪ ಕೋಟಿನ ಬಟ್ಟೆ, ಇವುಗಳ ಮೇಲೆ ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹಗುರವಾದ ಲೇಸ್, ರಿಬ್ಬನ್, ಚಪ್ಪಟೆ ಜರಿ ಪಟ್ಟಿ ಆಗಿದ್ದರೆ ಒಂದು ಇಡೀ ಪ್ರದರ್ಶನಕ್ಕೆ ನಿಲ್ಲುತ್ತದೆ. ಒಂದು ಕೋಟಿನ ಎರಡೂ ಮುಂಭಾಗಕ್ಕೆ, ತೋಳಿನ ತುದಿಗೆ ಪಟ್ಟಿ ಕೂರಿಸುವುದಕ್ಕೆ ನನಗೆ ಅರ್ಧ ಗಂಟೆ ಸಾಕು. ಅದನ್ನೇ ಕೈಯಲ್ಲಿ ಹೊಲಿದರೆ ಒಂದು ಸಂಜೆ ಪೂರ್ತಿ ಹೋಗುತ್ತದೆ. ನಾಟಕ ಮುಗಿದ ರಾತ್ರಿಯೇ ನಿಧಾನಕ್ಕೆ, ಬಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಲೇಸನ್ನು ಹಿಂದಕ್ಕೆ ಮಡಚಿ ಚಪ್ಪಟೆಯಾಗಿ ಎಳೆದರೆ ಬಂದುಬಿಡುತ್ತದೆ. ಮೇಲಕ್ಕೆ ಎಳೆಯಬಾರದು, ಬಟ್ಟೆಯ ನೂಲು ಎದ್ದುಬಿಡುತ್ತದೆ.

ಆ ರಾತ್ರಿಯೇ ತೆಗೆಯಬೇಕು ಅನ್ನುವ ಮಾತು ನಾನು ಒಂದು ಕೋಟು ಕೆಡಿಸಿಕೊಂಡು ಕಲಿತದ್ದು. ಮೊದಲ ವರ್ಷ ಒಂದು ಬೂದು ಬಣ್ಣದ ಕೋಟನ್ನು ಲೇಸ್ ಸಮೇತ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟೆ, ಮುಂದಿನ ಪ್ರದರ್ಶನಕ್ಕೂ ಅದೇ ಬೇಕಲ್ವಾ ಅಂತ. ಬೇಸಿಗೆ ಕಳೆದು ತೆಗೆದು ನೋಡಿದರೆ ಅಂಟು ಮೆತ್ತಗಾಗಿ ಬಟ್ಟೆಯೊಳಕ್ಕೆ ಇಳಿದಿತ್ತು. ಲೇಸ್ ಬಂತು, ಟೇಪ್ ಬಂತು, ಅಂಟು ಮಾತ್ರ ಕೋಟಿನ ಮೇಲೇ ಉಳಿಯಿತು. ಕೋಟು ಕೊಟ್ಟವರು ಏನೂ ಅನ್ನಲಿಲ್ಲ, ನನಗೆ ಮಾತ್ರ ಇವತ್ತಿಗೂ ಅದರ ಬೇಸರ ಇದೆ. ಬಿಸಿ, ಒತ್ತಡ, ದಿನ ಕಳೆಯುವುದು, ಈ ಮೂರು ಸೇರಿದರೆ ಒತ್ತಿ ಅಂಟಿಸುವ ಯಾವ ಅಂಟೂ ಹೀಗೇ ಆಗುತ್ತದೆ. ಅಂಟಿನ ಮೇಲೆ ಇಸ್ತ್ರಿಯನ್ನಂತೂ ಇಡಲೇಬೇಡಿ.

ಉಳಿದ ಅಂಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಯಲ್ಲಿ ಅದ್ದಿ ಒತ್ತುವುದು ಒಳ್ಳೆಯ ದಾರಿ, ಆದರೆ ಬಣ್ಣ ಬಿಡುತ್ತದಾ ಅಂತ ಒಳಗಿನ ಹೊಲಿಗೆಯ ಹತ್ತಿರ ಮೊದಲು ನೋಡಿಕೊಳ್ಳಿ. ಉಗುರುಬಣ್ಣ ತೆಗೆಯುವ ದ್ರವ ಹಾಕಿ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಅಸಿಟೋನ್ ಇದ್ದರೆ ಅಸಿಟೇಟ್ ಬಟ್ಟೆ ಕರಗಿ ತೂತಾಗುತ್ತದೆ. ಎಷ್ಟೋ ಕೋಟಿನ ಒಳಪದರ ಅಸಿಟೇಟೇ, ಹಾಗಾಗಿ ಬೇಡ.

ಇನ್ನು ಸೋಲುವ ಜಾಗಗಳು. ವೆಲ್ವೆಟ್ ಮೇಲೆ ಹಾಕಲೇಬೇಡಿ. ಟೇಪ್ ಅಂಟುವುದು ಮೇಲಿನ ಜುಂಗಿಗೆ ಮಾತ್ರ, ಕೆಳಗಿನ ಬಟ್ಟೆಗೆ ಅಲ್ಲ. ಗಟ್ಟಿಯಾಗಿ ನಿಲ್ಲುವುದೂ ಇಲ್ಲ, ತೆಗೆಯುವಾಗ ಜುಂಗು ಕಿತ್ತುಕೊಂಡು ಬರುತ್ತದೆ ಅಥವಾ ಮಲಗಿಬಿಡುತ್ತದೆ. ರೇಷ್ಮೆ, ತೆಳು ಶಿಫಾನ್ ಮೇಲೂ ನಾನು ಹಾಕುವುದಿಲ್ಲ. ಹಿಗ್ಗುವ ಬಟ್ಟೆಯದು ಬೇರೆ ಕಥೆ: ಬಟ್ಟೆ ಹಿಗ್ಗುತ್ತದೆ, ಟೇಪ್ ಹಿಗ್ಗುವುದಿಲ್ಲ, ನಟ ಕೈ ಎತ್ತಿದ ಕೂಡಲೇ ಪಟ್ಟಿಯ ಒಂದು ತುದಿ ಬಿಟ್ಟುಕೊಳ್ಳುತ್ತದೆ. ಬೆವರು ಬರುವ ಕಂಕುಳು, ಕತ್ತಿನ ಹಿಂದೆ, ಸೊಂಟದ ಹತ್ತಿರ ಕೂಡ ಅಷ್ಟೇ. ಮಣಿ, ಗಾಜಿನ ಹರಳು ಹೊಲಿದ ಭಾರದ ಅಂಚಿಗೆ ಟೇಪ್ ಸಾಕಾಗುವುದಿಲ್ಲ. ಅಂಟಿಸಿದಾಗ ಚೆನ್ನಾಗೇ ಇರುತ್ತದೆ, ಒಂದು ಗಂಟೆ ನೇತಾಡಿದ ಮೇಲೆ ಭಾರಕ್ಕೆ ಮೆಲ್ಲಗೆ ಜಾರುತ್ತದೆ.

ಕೆಲವು ಸಲ ತಪ್ಪು ಟೇಪಿನದೂ ಅಲ್ಲ. ಒಗೆಯುವಾಗ ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ದ್ರವ ನೂಲಿನ ಮೇಲೆ ಜಾರುವ ಪದರ ಬಿಡುತ್ತದೆ, ಅದರ ಮೇಲೆ ಯಾವ ಅಂಟೂ ಸರಿಯಾಗಿ ಕೂರುವುದಿಲ್ಲ. ಹೊಸ ಬಟ್ಟೆಯ ಗಂಜಿಯೂ ಹಾಗೇ. ಒಮ್ಮೆ ಬರೀ ಸಾಬೂನಿನಲ್ಲಿ ಒಗೆದು ಪೂರ್ತಿ ಒಣಗಿಸಿ ಹಾಕಿದರೆ ಅದೇ ಟೇಪ್ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ಇದು ಗೊತ್ತಾಗುವ ಮೊದಲು ಎರಡು ಸುರುಳಿ ಸುಮ್ನೆ ಬಿಸಾಕಿದ್ದೆ.

ಈಗ ನಾನು ಟೇಪನ್ನು ಒಂಟಿಯಾಗಿ ಬಳಸುವುದು ಕಡಿಮೆ. ಪಟ್ಟಿಯನ್ನು ಟೇಪಿನಿಂದ ಜಾಗಕ್ಕೆ ಕೂರಿಸುತ್ತೇನೆ, ಆಮೇಲೆ ತುದಿಗಳಲ್ಲಿ, ಮೂಲೆಗಳಲ್ಲಿ, ಮೊಣಕೈ ಮಡಚುವ ಕಡೆ ಕೈಯಿಂದ ಎರಡೆರಡು ಹೊಲಿಗೆ ಹಾಕುತ್ತೇನೆ. ಲೇಸ್ ಬಿಟ್ಟುಕೊಳ್ಳಲು ಶುರುವಾಗುವುದು ಯಾವಾಗಲೂ ತುದಿಯಿಂದಲೇ, ತುದಿ ನಿಂತರೆ ನಡುವಿನದನ್ನು ಟೇಪ್ ನೋಡಿಕೊಳ್ಳುತ್ತದೆ. ಸೂಜಿ ಅಂಟಿನ ಮೂಲಕ ಹೋದರೆ ಜಿಗಟಾಗಿ ದಾರ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಹೊಲಿಗೆ ಹಾಕುವ ಜಾಗದಲ್ಲಿ ಟೇಪ್ ಬಿಟ್ಟು ಖಾಲಿ ಇಡುತ್ತೇನೆ. ದಾರ ಸ್ವಲ್ಪ ಬೇರೆ ಬಣ್ಣದ್ದಿರಲಿ, ದೂರದಿಂದ ಕಾಣುವುದಿಲ್ಲ, ಬಿಚ್ಚುವಾಗ ಬಟ್ಟೆಯ ನೂಲು ಕತ್ತರಿಸುವ ಭಯ ಇರುವುದಿಲ್ಲ.

ವೆಲ್ವೆಟ್ಟಿಗೆ, ರೇಷ್ಮೆಗೆ, ಭಾರದ ಅಂಚಿಗೆ ಕಚ್ಚಾ ಹೊಲಿಗೆಯೇ ಸರಿ. ಸುಮಾರು 1 ಸೆಂಟಿಮೀಟರ್ ಉದ್ದದ ಸಡಿಲ ಹೊಲಿಗೆ, ಸಣ್ಣ ಸೂಜಿ, ತೆಳು ದಾರ. ಸಮಯ ಜಾಸ್ತಿ ಹಿಡಿಯುತ್ತದೆ ನಿಜ, ಆದರೆ ಬಿಚ್ಚಿದ ಮೇಲೆ ಬಟ್ಟೆ ಮೊದಲಿನ ಹಾಗೇ ಇರುತ್ತದೆ. ಒಂದೇ ಅಂಚನ್ನು ಪದೇ ಪದೇ ಹಾಕಿ ತೆಗೆಯಬೇಕಾದರೆ ಟಿಚ್ ಬಟನ್ ಹೊಲಿದುಬಿಡುವುದು ವಾಸಿ, ಆದರೆ ಅದು ಸ್ವಂತ ಬಟ್ಟೆಗೆ ಮಾತ್ರ. ಸೇಫ್ಟಿ ಪಿನ್ನನ್ನು ವಾಲ್ಟರ್ ಹಂಟ್ 1849ರಲ್ಲಿ ಪೇಟೆಂಟ್ ಮಾಡಿಸಿದರು, ಇಷ್ಟು ವರ್ಷವಾದರೂ ಪರದೆಯ ಹಿಂದೆ ಕೊನೇ ನಿಮಿಷದಲ್ಲಿ ಕೈಗೆ ಬರುವುದು ಅದೇ. ನನ್ನ ಜೇಬಿನಲ್ಲಿ ಯಾವಾಗಲೂ ಹತ್ತು ಇರುತ್ತವೆ. ಸ್ಯಾಟಿನ್ ಮೇಲೆ ಮಾತ್ರ ಬೇಡ, ತೂತು ಮುಚ್ಚಿಕೊಳ್ಳುವುದಿಲ್ಲ. ಬಿಸಿ ಅಂಟಿನ ಗನ್ ಅನ್ನು ಬಟ್ಟೆಯ ಹತ್ತಿರವೂ ತರಬೇಡಿ, ಅದರಲ್ಲಿ ತಾತ್ಕಾಲಿಕ ಅನ್ನುವುದೇ ಇಲ್ಲ.

ನೀರಿನಲ್ಲಿ ಕರಗುವ ಟೇಪೂ ಸಿಗುತ್ತದೆ. ಒಗೆಯಬಹುದಾದ ಬಟ್ಟೆಗೆ ಅದು ಚೆನ್ನ, ಅಂಟಿನ ಕಲೆಯ ಚಿಂತೆ ಇಲ್ಲ. ಆದರೆ ಅದರ ಹಿಡಿತ ಹೊಲಿಯುವ ತನಕ ಅಷ್ಟೇ, ಬರೀ ಅದನ್ನೇ ನಂಬಿ ನಟರನ್ನು ವೇದಿಕೆಗೆ ಕಳಿಸಬೇಡಿ. ಬೆವರೂ ನೀರೇ ಅಲ್ವಾ.

5ಕ್ಕೆ 4 ಕೊಡುತ್ತೇನೆ. ಒಂದು ಅಂಕ ಕಡಿಮೆ ಮಾಡಿದ್ದು ಡಬ್ಬಿಯ ಮೇಲಿನ ಬರಹಕ್ಕೆ. ಎಲ್ಲ ಬಟ್ಟೆಗೂ ಆಗುತ್ತದೆ ಅಂತ ಅಲ್ಲಿದೆ. ವೆಲ್ವೆಟ್ಟಿಗೆ ಬೇಡ, ಆ ದಿನವೇ ತೆಗೆಯಿರಿ ಅಂತ ಎರಡು ಸಾಲು ಅಲ್ಲಿ ಬರೆದಿದ್ದರೆ ಆ ಬೂದು ಕೋಟು ಉಳಿಯುತ್ತಿತ್ತು.